ದೋಣಿಯಲ್ಲಿ ಬಂದ ನಾಯಕ

ಮಕ್ಕಳೇ, ಐರ್ಲೆಂಡಿನಲ್ಲಿ ಬೆಳೆಯುತ್ತಿರುವ ನಿಮಗೆ ಗೇಲಿಕ್ ಫುಟ್‌ಬಾಲ್ ಆಡುವುದು ಹೇಗೆಂದು ನಾನು ಹೇಳಿಕೊಡಬೇಕಾಗಿಲ್ಲ. ರಜೆಗೆ ಊರಿನಿಂದ ಬರುವ ಅಜ್ಜಿ ತಾತನಿಗೆ ಮಾತ್ರ ಎರಡು ಮಾತು. ತಂಡಕ್ಕೆ ಹದಿನೈದು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ತುದಿಯಿಂದ ಒದ್ದು ಮತ್ತೆ ಕೈಗೆ ತಂದುಕೊಳ್ಳಬೇಕು. ಚೆಂಡು ಅಡ್ಡಪಟ್ಟಿಯ ಮೇಲಿನಿಂದ ಹೋದರೆ ಒಂದು ಪಾಯಿಂಟ್ (2025ರಿಂದ, 40 ಮೀಟರ್ ಗೆರೆಯ ಹೊರಗಿನಿಂದ ಒದ್ದದ್ದಾದರೆ ಎರಡು), ಕೆಳಗೆ ಬಲೆಗೆ ಬಿದ್ದರೆ ಗೋಲು. ಒಂದು ಗೋಲಿಗೆ ಮೂರು ಪಾಯಿಂಟ್.

ಇನ್ನೊಂದು ಸಂಗತಿಯನ್ನು ಅಪ್ಪ ಅಮ್ಮಂದಿರೂ ಗಮನಿಸಬೇಕು. ಈ ಆಟದಲ್ಲಿ ಯಾರಿಗೂ ಸಂಬಳವಿಲ್ಲ. ಐಪಿಎಲ್‌ನ ಹಾಗೆ ಹರಾಜೂ ಇಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೆ ಆಡುತ್ತೀರಿ. ಅಲ್ಲಿ ಚೆನ್ನಾಗಿ ಆಡಿದರೆ ನಿಮ್ಮ ಕೌಂಟಿ ಕರೆಯುತ್ತದೆ. 80,000ಕ್ಕೂ ಹೆಚ್ಚು ಜನರ ಮುಂದೆ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಫೈನಲ್ ಆಡಿದವರೂ ಮರುದಿನವೋ ಅದರ ಮರುದಿನವೋ ತಮ್ಮ ಕೆಲಸಕ್ಕೆ ಹೋಗಬೇಕು. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಈ ಆಟದ ಸಂಸ್ಥೆ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಶುರುವಾದಾಗಿನಿಂದ ಆಟಗಾರರಿಗೆ ಸಂಬಳವಿಲ್ಲದ ಈ ಪದ್ಧತಿ ನಡೆದು ಬಂದಿದೆ.

ಹಾಗೆ ಆಡಿದವರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವರು ಮಿಕ್ ಓಕಾನೆಲ್. 1937ರಲ್ಲಿ ಹುಟ್ಟಿದವರು, ಕೆರಿ ಕೌಂಟಿಯ ವೆಲೆನ್ಶಿಯಾ ದ್ವೀಪದವರು. ಐರ್ಲೆಂಡಿನ ಪಶ್ಚಿಮದ ಅಂಚಿನಲ್ಲಿರುವ ಈ ದ್ವೀಪದ ಉದ್ದ ಹನ್ನೊಂದು ಕಿಲೋಮೀಟರ್, ಅಗಲ ಮೂರು. ಅಟ್ಲಾಂಟಿಕ್ ಸಾಗರದಡಿಯಲ್ಲಿ ಅಮೆರಿಕ ಖಂಡಕ್ಕೆ ಎಳೆದ ಟೆಲಿಗ್ರಾಫ್ ಕೇಬಲ್ ಹೊರಟಿದ್ದು ಇಲ್ಲಿಂದಲೇ. 1858ರಲ್ಲಿ ಹಾಕಿದ ಮೊದಲ ಕೇಬಲ್ ಕೆಲವೇ ವಾರಗಳಲ್ಲಿ ಕೆಟ್ಟುಹೋಯಿತು. 1866ರದ್ದು ನಿಂತಿತು. ಆ ಕೇಬಲ್ ಕಚೇರಿಯಲ್ಲಿ ಓಕಾನೆಲ್ ನೌಕರರಾಗಿದ್ದರು. ಸಾಗರದಾಚೆಗೆ ಸಂದೇಶ ಕಳಿಸುವುದೇ ಕೆಲಸ. ಡಬ್ಲಿನ್ನಿನಲ್ಲಿ ಕುಳಿತು ಅಮೆರಿಕದವರಿಗೆ ಈಮೇಲ್ ಬರೆಯುವ ನಿಮ್ಮ ಅಪ್ಪ ಅಮ್ಮ ಒಂದು ರೀತಿಯಲ್ಲಿ ಅವರ ವೃತ್ತಿಬಾಂಧವರು!

ದ್ವೀಪದ ಕ್ಲಬ್ಬಿನ ಹೆಸರು ಯಂಗ್ ಐಲೆಂಡರ್ಸ್. ಜನವೇ ಕಡಿಮೆ ಇರುವ ಕಡೆ ಕ್ಲಬ್ಬೂ ಚಿಕ್ಕದೇ ತಾನೇ? ದೊಡ್ಡ ಪಟ್ಟಣದ ಕ್ಲಬ್ಬುಗಳ ಎದುರು ಅದೊಂದೇ ಹೇಗೆ ನಿಲ್ಲಬೇಕು? ಕೆರಿಯವರು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದಾರೆ. ಒಂದು ಸೀಮೆಯ ಸಣ್ಣ ಕ್ಲಬ್ಬುಗಳೆಲ್ಲ ಸೇರಿ ಒಂದೇ ತಂಡ ಕಟ್ಟಿ ಕೌಂಟಿ ಚಾಂಪಿಯನ್‌ಶಿಪ್‌ಗೆ ಇಳಿಯಬಹುದು. ಅಂಥ ಕೂಡುತಂಡವಾದ ಸೌತ್ ಕೆರಿ 1955, 1956 ಮತ್ತು 1958ರಲ್ಲಿ ಕೌಂಟಿ ಪ್ರಶಸ್ತಿ ಗೆದ್ದಿತು. ಆ ತಂಡದ ನಡುಮೈದಾನದಲ್ಲಿ ಆಡುತ್ತಿದ್ದವರು ಓಕಾನೆಲ್. 1956ರಲ್ಲಿ ಕೆರಿಯ ಹಿರಿಯರ ತಂಡ ಅವರನ್ನು ಕರೆಯಿತು.

ಅಭ್ಯಾಸಕ್ಕೆ ಹೋಗುವುದೇ ಒಂದು ಪ್ರಯಾಣ. ದ್ವೀಪಕ್ಕೆ ಆಗ ಸೇತುವೆ ಇರಲಿಲ್ಲ. ಅದು ಬಂದದ್ದು 1971ರಲ್ಲಿ. ಓಕಾನೆಲ್ ತಾವೇ ದೋಣಿಗೆ ಹುಟ್ಟು ಹಾಕಿಕೊಂಡು ಆಚೆ ದಡ ಸೇರಿ, ಅಲ್ಲಿಂದ ರಸ್ತೆ ಹಿಡಿಯುತ್ತಿದ್ದರು. ಕಿಲಾರ್ನಿಯಲ್ಲಿ ಅಭ್ಯಾಸವಿದ್ದರೆ ಇನ್ನೂ ಸುಮಾರು ಅರವತ್ತು ಕಿಲೋಮೀಟರ್. ಮುಗಿಸಿ ಕತ್ತಲಲ್ಲಿ ಮತ್ತೆ ಅದೇ ದಾರಿ, ಅದೇ ದೋಣಿ. ಮಿಕ್ಕ ದಿನಗಳಲ್ಲಿ ದ್ವೀಪದಲ್ಲೇ ಒಬ್ಬರೇ ಚೆಂಡು ಒದೆಯುತ್ತಿದ್ದರು, ಎಡಗಾಲಿನಲ್ಲೂ ಬಲಗಾಲಿನಲ್ಲೂ ಒಂದೇ ಹದ ಬರುವವರೆಗೆ.

ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಎತ್ತರದ ಕ್ಯಾಚಿಗಾಗಿ. ಆ ಕಾಲದಲ್ಲಿ ಗೋಲ್‌ಕೀಪರ್ ಚೆಂಡನ್ನು ಮೈದಾನದ ನಡುವಿಗೆ ಉದ್ದಕ್ಕೆ ಒದೆಯುತ್ತಿದ್ದ. ಕೆಳಗೆ ನಾಲ್ಕೈದು ಜನ ತಳ್ಳಾಡುತ್ತ ಕಾದಿರುತ್ತಿದ್ದರು. ಓಕಾನೆಲ್ ಅವರೆಲ್ಲರ ತಲೆಯ ಮೇಲೆ ನೆಗೆದು, ಎರಡೂ ಕೈಯಲ್ಲಿ ಚೆಂಡು ಹಿಡಿದು, ನೆಲಕ್ಕಿಳಿದ ಕೂಡಲೇ ತಮ್ಮವನಿಗೆ ಅಳತೆ ಮಾಡಿದಂತೆ ಒದ್ದು ಮುಟ್ಟಿಸುತ್ತಿದ್ದರು. ನಡುವೆ ಹಲವು ವರ್ಷ ಗೋಲ್‌ಕೀಪರ್‌ಗಳು ಪಕ್ಕದವನಿಗೇ ಚೆಂಡು ಕೊಟ್ಟು ಈ ಸೊಗಸನ್ನು ಹಾಳುಮಾಡಿದ್ದರು. 2025ರಲ್ಲಿ ಬಂದ ಹೊಸ ನಿಯಮದ ಪ್ರಕಾರ ಆ ಒದೆತ 40 ಮೀಟರ್ ಗೆರೆ ದಾಟಲೇಬೇಕು. ಒಳ್ಳೆಯದೇ ಆಯಿತು. ಎತ್ತರದ ಕ್ಯಾಚು ಮತ್ತೆ ಕಾಣುತ್ತಿದೆ.

1959ರಲ್ಲಿ ಅವರೇ ಕೆರಿಯ ನಾಯಕ. ಕೌಂಟಿಗಳ ನಡುವಿನ ಆಲ್ ಐರ್ಲೆಂಡ್ ಫೈನಲ್‌ನಲ್ಲಿ ಕೆರಿ 3-7 (ಮೂರು ಗೋಲು, ಏಳು ಪಾಯಿಂಟ್), ಗಾಲ್ವೇ 1-4. ಎಷ್ಟು ಪಾಯಿಂಟ್ ಅಂತರ? ಲೆಕ್ಕ ಹಾಕಿ ಅಜ್ಜಿ ತಾತನಿಗೆ ನೀವೇ ಹೇಳಿ. ಗೆದ್ದವರಿಗೆ ಕೊಡುವ ಸ್ಯಾಮ್ ಮಗ್ವಾಯರ್ ಕಪ್ ಕೈಗೆ ಬಂತು. ಸಂಭ್ರಮಕ್ಕೆ ಡಬ್ಲಿನ್ನಿನಲ್ಲಿ ಉಳಿಯದೆ ಓಕಾನೆಲ್ ಅಂದೇ ರೈಲು ಹತ್ತಿ, ರಾತ್ರಿಯೇ ದೋಣಿಯಲ್ಲಿ ಮನೆ ಸೇರಿದರೆಂದೂ, ಕಪ್ ಡ್ರೆಸ್ಸಿಂಗ್ ರೂಮಿನಲ್ಲೇ ಉಳಿಯಿತೆಂದೂ ಜನ ಇಂದಿಗೂ ಹೇಳುತ್ತಾರೆ. ಕೆಲವರು ಇದನ್ನು ಬಿಗುಮಾನ ಅಂದರು. ನನಗೆ ಹಾಗೆ ಕಾಣುವುದಿಲ್ಲ. ಅವರಿಗೆ ಬೇಕಾಗಿದ್ದುದು ಆಟ. ಮೆರವಣಿಗೆ ಬೇಕಿರಲಿಲ್ಲ, ಅಷ್ಟೇ.

ಆಮೇಲೆ 1962, 1969 ಮತ್ತು 1970ರಲ್ಲಿಯೂ ಕೆರಿ ಗೆದ್ದಿತು. ಒಟ್ಟು ನಾಲ್ಕು ಪದಕ, ನಾಲ್ಕೂ ಸೇತುವೆ ಬರುವ ಮೊದಲು. 1970ರ ಫೈನಲ್ ಹಿಂದಿನಂತೆ ಅರವತ್ತು ನಿಮಿಷದ್ದಲ್ಲ, ಎಂಬತ್ತು ನಿಮಿಷದ್ದು. ಓಕಾನೆಲ್‌ಗೆ ಆಗ ಮೂವತ್ತಮೂರು ವರ್ಷ. ಸೋಲುಗಳನ್ನೂ ಹೇಳಿಬಿಡುತ್ತೇನೆ. 1960, 1964, 1965, 1968, 1972: ಈ ಐದು ಫೈನಲ್‌ಗಳಲ್ಲಿ ಕೆರಿ ಸೋತಿತು. ಗೆದ್ದದ್ದಕ್ಕಿಂತ ಸೋತದ್ದೇ ಒಂದು ಹೆಚ್ಚು! ಆದರೂ 1972ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ಅವರನ್ನು ವರ್ಷದ ಅತ್ಯುತ್ತಮ ಆಟಗಾರರ ಆಲ್‌ಸ್ಟಾರ್ ತಂಡಕ್ಕೆ ಆರಿಸಿದರು. ಎರಡು ವರ್ಷದ ಮೇಲೆ ‘ಎ ಕೆರಿ ಫುಟ್‌ಬಾಲರ್’ ಎಂಬ ಪುಸ್ತಕ ಬರೆದರು. ಮುಂದೆ ಜಿಎಎ ಸಹಸ್ರಮಾನದ ಹದಿನೈದು ಆಟಗಾರರನ್ನು ಆರಿಸಿದಾಗ ನಡುಮೈದಾನದ ಒಂದು ಸ್ಥಾನ ಅವರದಾಯಿತು.

ಬೇಸಿಗೆಯಲ್ಲಿ ಕೆರಿ ಕಡೆಗೆ ಹೋದರೆ ಪೋರ್ಟ್‌ಮಗೀ ಊರಿನ ಸೇತುವೆ ದಾಟಿ ವೆಲೆನ್ಶಿಯಾ ನೋಡಿ ಬನ್ನಿ. ಬರುವಾಗ ಸೇತುವೆ ಬಿಟ್ಟು ನೈಟ್ಸ್‌ಟೌನ್‌ನಿಂದ ರೀನಾರ್ಡ್‌ಗೆ ಫೆರಿ ಹತ್ತಿ. ಓಕಾನೆಲ್ ಹುಟ್ಟು ಹಾಕಿ ದಾಟುತ್ತಿದ್ದ ನೀರಿನ ಅಗಲ ಆಗ ಗೊತ್ತಾಗುತ್ತದೆ. ನಿಮ್ಮಲ್ಲಿ ಯಾರಾದರೂ ನಿಮ್ಮೂರಿನ ಜಿಎಎ ಕ್ಲಬ್ಬಿಗೆ ಆಡುತ್ತಿದ್ದರೆ, ಯಾವ ಕ್ಲಬ್ಬು, ಯಾವ ಜಾಗದಲ್ಲಿ ಆಡುತ್ತೀರಿ, ಜರ್ಸಿಯ ಬಣ್ಣ ಯಾವುದು, ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಬರೆದು ನಮ್ಮ ದೀಪಾವಳಿ ಸಂಚಿಕೆಗೆ ಕಳಿಸಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ.