ಡೆಪ್ಯುಟಿ ಚನ್ನಬಸಪ್ಪನವರು

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕಾಗಿ ನಾವು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಏಳು ದಿನ ಇದ್ದೆವು. ಸಾಯಂಕಾಲ ಆರನೆಯ, ಏಳನೆಯ ಇಯತ್ತೆಯ ಮಕ್ಕಳಿಗೆ ಓದು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಒಬ್ಬ ಹುಡುಗಿ ಪಾಠವನ್ನು ನೀರು ಕುಡಿದಂತೆ ಓದಿದಳು. ಇನ್ನೊಬ್ಬನು ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದನು. ತಾಂಡೆಯಿಂದ ಬರುತ್ತಿದ್ದ ಹುಡುಗನಂತೂ ಬಾಯಿಯನ್ನೇ ತೆರೆಯಲಿಲ್ಲ. ಇವನು ದಡ್ಡನೆಂದು ನಾನು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟೆ. ಆ ರಾತ್ರಿ ಡೆಪ್ಯುಟಿ ಚನ್ನಬಸಪ್ಪನವರ ಜೀವನ ನೆನಪಿಗೆ ಬಂದು ನಾಚಿಕೆಯಾಯಿತು.

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದಿದ್ದರೂ ಈ ಭಾಗದ ಕಚೇರಿಗಳಲ್ಲಿ ಮರಾಠಿಯದೇ ಅಧಿಕಾರ. ನಾಡು ಮುಂಬಯಿ ಇಲಾಖೆಗೆ ಸೇರಿದ ಮೇಲೆ ಶಾಲೆಗಳಲ್ಲಿಯೂ ಅದೇ ನಡೆಯಿತು. ನಮ್ಮ ಹಾನಗಲ್ಲ ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರವರೆಗೂ ಹಾಗೆಯೇ ಇತ್ತು. ಮನೆಯಲ್ಲಿ ಅವ್ವನೊಡನೆ ಕನ್ನಡದಲ್ಲಿ ಮಾತಾಡಿ ಬಂದ ಕೂಸು ಶಾಲೆಯಲ್ಲಿ ತಿಳಿಯದ ಭಾಷೆಯ ಅಕ್ಷರಗಳನ್ನು ತಿದ್ದಬೇಕಾಗಿತ್ತು. ಅಕ್ಷರವೂ ಹೊಸದು, ಮಾತೂ ಹೊಸದು. ಅಂಥ ಕೂಸು ಓದಿನಲ್ಲಿ ಹಿಂದೆ ಬಿದ್ದರೆ ತಪ್ಪು ಯಾರದು?

ಪುಣೆಗೆ ಹೋಗಿ ಕಲಿತ ಚನ್ನಬಸಪ್ಪನವರು ಮರಾಠಿ, ಇಂಗ್ಲಿಷುಗಳೆರಡನ್ನೂ ಬಲ್ಲವರು. ಅವರ ಕೆಲಸಕ್ಕೆ ಮೂಲ ಮರಾಠಿಯ ದ್ವೇಷವಲ್ಲ, ಕನ್ನಡ ಮಕ್ಕಳ ಮೇಲಿನ ಮಮತೆ. ವಿದ್ಯಾ ಇಲಾಖೆಯನ್ನು ಸೇರಿ, ಧಾರವಾಡದಲ್ಲಿ ಶಿಕ್ಷಕರನ್ನು ತಯಾರಿಸುವ ಶಾಲೆಯ ಮುಖ್ಯರಾದರು. ಮುಂದೆ ಬೆಳಗಾವಿ ಕಡೆಯಲ್ಲಿ ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಆ ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ಕನ್ನಡ ಊರುಗಳಲ್ಲಿದ್ದ ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾಡಿದರು. ಹೊಸ ಶಾಲೆಗಳನ್ನು ತೆರೆಯಿಸಿದರು. ರಸೆಲ್ಲರಂಥ ಇಂಗ್ಲಿಷ್ ಅಧಿಕಾರಿಗಳ ಬೆಂಬಲವೂ ಈ ಕಾರ್ಯಕ್ಕೆ ದೊರೆಯಿತು.

ಆದರೆ ಹಲಗೆಯ ಮೇಲಿನ ಹೆಸರು ಬದಲಾದ ಮಾತ್ರಕ್ಕೆ ಮಕ್ಕಳು ಓದಬಲ್ಲರೇ? ಕಲಿಸಲು ಮಾಸ್ತರರು ಬೇಕು, ಓದಲು ಪುಸ್ತಕ ಬೇಕು. ಇದನ್ನರಿತ ಅವರು ಬಡ ವಿದ್ಯಾರ್ಥಿಗಳಿಗೆ ತಮ್ಮ ಮನೆಯಲ್ಲಿಯೇ ಆಶ್ರಯ ಕೊಟ್ಟರು. ಬಲ್ಲವರನ್ನು ಹುರಿದುಂಬಿಸಿ ಕನ್ನಡದಲ್ಲಿ ಬರೆಯಿಸಿದರು. ತಾವೂ ಲೇಖನಿ ಹಿಡಿದು, ಷೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಕ್ಕೆ ತಂದರು. 1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಈ ಭಾಗದಲ್ಲಿ ಕನ್ನಡ ಓದಬಲ್ಲ ನಾವೆಲ್ಲರೂ ಅವರ ಋಣದಲ್ಲಿದ್ದೇವೆ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟೇ: ಅಂದು ಕನ್ನಡದ ಕೂಸಿಗೆ ಮರಾಠಿ ಹೇಗೆ ಇತ್ತೋ, ಇಂದು ಲಂಬಾಣಿ ಮನೆಯ ಕೂಸಿಗೆ ಕನ್ನಡ ಹಾಗೆಯೇ ಅಲ್ಲವೇ? ಮರುದಿನ ಆ ಹುಡುಗನಿಗೆ ಅವನ ಮನೆಯ ಮಾತುಗಳನ್ನು ಹೇಳೆಂದೆ. ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ ಎಂದು ಅವನೇ ನಮಗೆ ಕಲಿಸಿದನು. ಅವನ್ನು ಕನ್ನಡ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದೆ. ಅವನು ಬೆರಳಿಟ್ಟು ಓದಿದನು! ಅಕ್ಷರಗಳು ಅವನಿಗೆ ಬರುತ್ತಿದ್ದವು. ಪುಸ್ತಕದ ಮಾತು ಮಾತ್ರ ಪರಕೀಯವಾಗಿತ್ತು. ಅಂದಿನಿಂದ ಚೆನ್ನಾಗಿ ಓದುವ ಹುಡುಗಿ ಮೊದಲು ಕಥೆಯನ್ನು ಓದಿ ಹೇಳುವಳು. ತಡವರಿಸುವವನು ಒತ್ತಕ್ಷರದ ಶಬ್ದಗಳನ್ನು ಹುಡುಕಿ ಬರೆಯುವನು. ತಾಂಡೆಯ ಹುಡುಗನು ಆ ಶಬ್ದಗಳಿಗೆ ತನ್ನ ಮಾತಿನ ಅರ್ಥ ಕೂಡಿಸುವನು. ಏಳನೆಯ ದಿನ ಅವನು ಪಾಠದ ನಾಲ್ಕು ಸಾಲುಗಳನ್ನು ತಾನಾಗಿಯೇ ಓದಿದನು.

ನಾಲ್ಕು ಸಾಲು ದೊಡ್ಡ ಸಾಧನೆಯಲ್ಲ, ನಿಜ. ಆದರೆ ನಮ್ಮಲ್ಲಿ ಅನೇಕರು ನಾಳೆ ಮಾಸ್ತರರಾಗುವವರು. ಮಗುವನ್ನು ದಡ್ಡನೆಂದು ಕರೆಯುವ ಮೊದಲು ಅದರ ಮನೆಯ ಮಾತು ಯಾವುದೆಂದು ಒಮ್ಮೆ ಕೇಳೋಣ. ಚನ್ನಬಸಪ್ಪನವರಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ ಎಂದು ನಾನು ನಂಬಿದ್ದೇನೆ.