ಕೊಳೆರೋಗಕ್ಕೆ ಮದ್ದು ತೋರಿದ ಲೆಸ್ಲಿ ಕೋಲ್ಮನ್

ಮುಂಗಾರು ಕಾಲಿಡುವ ಮೊದಲು ಅಡಿಕೆಗೆ ಮದ್ದು ಬಿಡದ ತೋಟ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ವಿರಳ. ಮೈಲುತುತ್ತು, ಸುಣ್ಣ ಮತ್ತು ನೀರು ಸೇರಿದ ಆ ನೀಲಿ ದ್ರಾವಣ ನಮ್ಮ ಕೃಷಿಕರಿಗೆ ಎಷ್ಟು ಸಹಜವಾಗಿದೆಯೆಂದರೆ, ಅದು ಅಜ್ಜಂದಿರ ಕಾಲದಿಂದಲೂ ಇದ್ದ ಪದ್ಧತಿಯೆಂದೇ ಹಲವರ ಭಾವನೆ. ಆದರೆ ಅಡಿಕೆಗೆ ಅದನ್ನು ಒಗ್ಗಿಸಿ ತೋರಿಸಿದವರು ಕೆನಡಾ ದೇಶದಿಂದ ಬಂದ ಒಬ್ಬ ವಿಜ್ಞಾನಿ. ಅವರು ನಮ್ಮ ಜಿಲ್ಲೆಯಲ್ಲಿ ಅಧಿಕಾರ ನಡೆಸಿದವರಲ್ಲ. ಅವರ ಕಾಲದಲ್ಲಿ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಅವರು ಸೇವೆ ಸಲ್ಲಿಸಿದ್ದು ಮೈಸೂರು ಸಂಸ್ಥಾನದಲ್ಲಿ. ರೋಗವೂ ಗಡಿ ನೋಡಲಿಲ್ಲ, ಮದ್ದೂ ನೋಡಲಿಲ್ಲ.

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗ್ಯೋಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರಿಗೆ ಬಂದರು. ಶಿಲೀಂಧ್ರಗಳ ಶಾಸ್ತ್ರ ಮತ್ತು ಕೀಟಗಳ ಶಾಸ್ತ್ರ ಎರಡರ ಹೊಣೆಯನ್ನೂ ಸಂಸ್ಥಾನ ಒಬ್ಬರ ಹೆಗಲಿಗೇ ಹೊರಿಸಿತ್ತು.

ಅಂದು ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರ ದೊಡ್ಡ ಶತ್ರು ಕೊಳೆರೋಗ. ನಮ್ಮಲ್ಲಿ ಮಹಾಳಿ ಎಂದು ಕರೆಯುವುದೂ ಇದನ್ನೇ. ಬಿಡುವಿಲ್ಲದೆ ಮಳೆ ಸುರಿದು, ನಡುವೆ ಒಂದಿಷ್ಟು ಬಿಸಿಲು ಬಂದರೆ ಸಾಕು, ಎಳೆಯ ಕಾಯಿಗಳ ಮೇಲೆ ನೀರು ಹಿಡಿದಂಥ ಕಲೆ ಮೂಡುತ್ತದೆ; ಬಿಳಿಯ ಬೂಷ್ಟು ಹರಡುತ್ತದೆ; ಮರದ ಬುಡದಲ್ಲಿ ಹಸಿರು ಕಾಯಿಗಳು ಉದುರಿ ರಾಶಿಯಾಗುತ್ತವೆ. ವರ್ಷದ ಅನ್ನ ಕೆಲವೇ ವಾರಗಳಲ್ಲಿ ಮಣ್ಣುಪಾಲು. ಅಡಿಕೆ ಆಹಾರವಲ್ಲ ಎನ್ನುವವರಿದ್ದಾರೆ, ನಿಜ. ಆದರೆ ಅಡಿಕೆ ಬೆಳೆಯುವ ಊರಿನಲ್ಲಿ ಅಕ್ಕಿ ಬರುವುದು ಅಡಿಕೆಯಿಂದಲೇ. ಕೋಲ್ಮನ್ ಬರುವ ಮೊದಲು ರೈತರು ಕೈಕಟ್ಟಿ ಕುಳಿತಿರಲಿಲ್ಲ. ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆಯನ್ನು ಗೊನೆಗೆ ಕಟ್ಟಿ, ಕಾಯಿಗೆ ಮಳೆ ತಾಗದಂತೆ ಕಾಯುತ್ತಿದ್ದರು. ಅದರ ಹಿಂದೆ ಇದ್ದ ತಿಳಿವಳಿಕೆ ಸರಿಯಾದದ್ದೇ: ರೋಗ ಹರಡುವುದು ನೀರಿನ ಮೂಲಕ.

ಕೋಲ್ಮನ್ ಈ ತಿಳಿವಳಿಕೆಗೆ ವಿಜ್ಞಾನದ ಬುನಾದಿ ಹಾಕಿದರು. ಫೈಟೋಫ್ತೋರ ಕುಲದ ಸೂಕ್ಷ್ಮಜೀವಿ ರೋಗಕ್ಕೆ ಕಾರಣವೆಂಬುದನ್ನು, ಮಳೆಹನಿಯಲ್ಲಿ ಅದರ ಬೀಜಾಣುಗಳು ಸಾಗುವ ಬಗೆಯನ್ನು ವಿವರವಾಗಿ ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಮದ್ದನ್ನು ಅವರು ಹೊಸದಾಗಿ ಸೃಷ್ಟಿಸಲಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರ ಹೊತ್ತಿಗೆ ರೂಪಿಸಿದ್ದ ಬೋರ್ಡೋ ದ್ರಾವಣ ಅವರ ಮುಂದಿತ್ತು. ಆದರೆ ದ್ರಾಕ್ಷಿಯ ಬಳ್ಳಿ ಬೇರೆ, ಮಲೆನಾಡಿನ ಮಳೆಗೆ ಮೈಯೊಡ್ಡಿದ ಎತ್ತರದ ಮರ ಬೇರೆ. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡಾದ ಅಂಟನ್ನು ದ್ರಾವಣಕ್ಕೆ ಸೇರಿಸುವ ಕ್ರಮ ಅವರದು. ರೋಗ ಬಂದ ಮೇಲೆ ಅಲ್ಲ, ಬರುವ ಮೊದಲೇ ಗೊನೆಗೆ ಲೇಪನವಾಗಿರಬೇಕು ಎಂಬುದು ಈ ಚಿಕಿತ್ಸೆಯ ತಿರುಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಇಂದಿನ ಲೆಕ್ಕ, ಮಳೆಗೆ ಮುಂಚೆ ಒಮ್ಮೆ, ಸುಮಾರು ನಲವತ್ತು ದಿನಗಳ ಅನಂತರ ಇನ್ನೊಮ್ಮೆ ಎಂಬ ಕ್ರಮ, ಇವೆಲ್ಲ ಅದೇ ದಾರಿಯಲ್ಲಿ ಬಂದವು. ಮರ ಏರುವವನ ಕೈಯ ಪಂಪು ಹೋಗಿ ನೆಲದಲ್ಲೇ ನಿಂತು ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಬಂದರೂ ಮದ್ದು ಬದಲಾಗಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಕಾಫಿಯ ಕಪ್ಪು ಕೊಳೆತಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಇಂಗ್ಲಿಷ್ ವಿಜ್ಞಾನಿ ಕುಕ್ 1876ರಲ್ಲಿಯೇ ಕೊಳೆರೋಗ ಎಂಬ ಕನ್ನಡ ಪದವನ್ನೇ ಸೇರಿಸಿ ಶಾಸ್ತ್ರೀಯ ಹೆಸರಿಟ್ಟಿದ್ದ. ರೈತನ ನುಡಿ ಲ್ಯಾಟಿನ್ ಹೆಸರಿನೊಳಗೆ ಹೀಗೆ ಹೊಕ್ಕದ್ದು ನಮಗೆ ಸಂತೋಷದ ಸಂಗತಿ.

ಬಯಲುಸೀಮೆಯ ಓದುಗರಿಗೂ ಕೋಲ್ಮನ್ ಅಪರಿಚಿತರಾಗಬೇಕಿಲ್ಲ. ದಖನ್ ಪ್ರದೇಶದ ಜೋಳದ ಹೊಲಗಳನ್ನು ತಿಂದುಹಾಕುತ್ತಿದ್ದ, ಹಾರಲಾರದ ಮಿಡತೆಯ ಜೀವನಚಕ್ರವನ್ನು ಅವರು ಅಧ್ಯಯನ ಮಾಡಿ 1911ರಲ್ಲಿ ವರದಿ ಹೊರತಂದರು. ಆ ಮಿಡತೆಯ ಕುಲಕ್ಕೆ ಅವರ ಹೆಸರಿನಿಂದಲೇ ಕೋಲ್ಮೇನಿಯ ಎಂದು ನಾಮಕರಣವಾಗಿದೆ. ಅದೇ ವರ್ಷ ಭತ್ತದ ಮಿಡತೆಯ ಬಗ್ಗೆ ಅವರೊಂದಿಗೆ ಬರೆದವರು ಮಲಬಾರಿನಿಂದ ಬಂದ ಕುಂಞಿಕಣ್ಣನ್. ಸಹಾಯಕರಾಗಿದ್ದ ಈ ಮಲಯಾಳಿ ಮುಂದೆ ಮೈಸೂರಿನ ಕೀಟಶಾಸ್ತ್ರಜ್ಞರಾಗಿ ಹೆಸರು ಪಡೆದರು.

1913ರ ಹೊತ್ತಿಗೆ ಕೋಲ್ಮನ್ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆಗೊಂಡ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಕಬ್ಬು ಮತ್ತು 1933ರ ಸಕ್ಕರೆ ಕಂಪೆನಿ, ಇವೆಲ್ಲ ಅವರ ಕಾಲದವು.

ಇಂದು ಈ ಜಿಲ್ಲೆಯಲ್ಲಿ ಕೃಷಿ ಮತ್ತು ರಾಸಾಯನಿಕದ ಮಾತು ಬಂದರೆ ಎಂಡೋಸಲ್ಫಾನ್ ನೆನಪಾಗದೆ ಇರದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಆ ವಿಷವನ್ನು ಎಣ್ಮಕಜೆಯ ಜನರು ಇನ್ನೂ ಮೈಯಲ್ಲಿ ಹೊತ್ತಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಮೈಲುತುತ್ತನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ಈ ಲೇಖಕನ ಅಭಿಪ್ರಾಯ. ಮೊದಲನೆಯದರಲ್ಲಿ ಕೆಳಗೆ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಎರಡನೆಯದು ಕೃಷಿಕನ ಕಣ್ಣೆದುರಿಗೆ, ಅವನ ತೋಟದಲ್ಲಿ, ಅವನೇ ಕಲಸಿದ ಮದ್ದು. ಹಾಗೆಂದು ಅದು ನಿರಪಾಯವೂ ಅಲ್ಲ. ತಾಮ್ರ ಕೊಳೆಯುವ ವಸ್ತುವಲ್ಲ. ವರ್ಷವರ್ಷವೂ ಮರದಿಂದ ಇಳಿದು ಮಣ್ಣಿನಲ್ಲಿ ಉಳಿಯುತ್ತದೆ, ಹೆಚ್ಚಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು. ನಾಲ್ಕು ತಲೆಮಾರು ಮದ್ದು ಕುಡಿದ ತೋಟದ ಮಣ್ಣನ್ನು ಪರೀಕ್ಷೆ ಮಾಡಿಸದೆ ಸಿಂಪಡಣೆಯ ಸಂಖ್ಯೆಯನ್ನು ಮಾತ್ರ ಹೆಚ್ಚಿಸುವುದು ಕೋಲ್ಮನ್ ತೋರಿದ ದಾರಿಯಲ್ಲ. ಅವರು ಮೊದಲು ರೋಗವನ್ನು ನೋಡಿದರು, ಆಮೇಲೆ ಮದ್ದನ್ನು ನೋಡಿದರು.

1934ರಲ್ಲಿ ನಿವೃತ್ತರಾದ ಅವರು ಕೆನಡಾಕ್ಕೆ ಹಿಂತಿರುಗಿ, 1954ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎರಡು ವರ್ಷಗಳ ಬಳಿಕ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಸೇರಿತು.