ಟ್ಯೂಬಿಂಗೆನ್ ನಗರವೂ ಡಾ. ಕಿಟ್ಟೆಲರೂ

ಪರದೇಶದಿಂದ ಬಂದು ಕನ್ನಡಕ್ಕಾಗಿ ಬಾಳು ಸವೆಸಿದ ಮಹನೀಯರನ್ನು ನೆನೆಯುವಾಗ ನಮ್ಮ ನಾಲಗೆಯ ಮೇಲೆ ಮೊದಲು ಸುಳಿಯುವುದು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಹೆಸರು. ಆದರೆ ಆ ಹೆಸರಿನ ಜೊತೆಯಲ್ಲಿಯೇ ಹೇಳಬೇಕಾದ ಒಂದು ಊರಿನ ಹೆಸರು ಮಾತ್ರ ನಮಗೆ ಅಷ್ಟಾಗಿ ಪರಿಚಿತವಲ್ಲ. ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ, ನೆಕ್ಕಾರ್ ಎಂಬ ನದಿಯ ದಡದಲ್ಲಿ, ಗುಡ್ಡದ ಮೇಲೊಂದು ಹಳೆಯ ಕೋಟೆಯನ್ನು ಹೊತ್ತು ನಿಂತಿರುವ ಆ ಊರು ಟ್ಯೂಬಿಂಗೆನ್. ಕಿಟ್ಟೆಲರು ಅಲ್ಲಿ ಹುಟ್ಟಿದವರಲ್ಲ, ಅಲ್ಲಿ ಓದಿದವರೂ ಅಲ್ಲ. ಆದರೂ ಅವರ ಬಾಳಿನ ಕಡೆಯ ಅಧ್ಯಾಯ ಅಲ್ಲಿ ನಡೆಯಿತು. ಅವರಿಗೆ ಸಲ್ಲಬೇಕಾದ ಮನ್ನಣೆ ಸಂದದ್ದೂ ಅಲ್ಲಿಯೇ. ಆದುದರಿಂದ ಅವರ ಜೀವನದೊಂದಿಗೆ ಆ ಊರಿನ ವಿಚಾರವನ್ನೂ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದು ನನ್ನ ಆಸೆ.

ಕಿಟ್ಟೆಲರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ, ಸಮುದ್ರಕ್ಕೆ ಹತ್ತಿರದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಗುಡ್ಡವೆಂಬುದೇ ಇಲ್ಲದ ಬಯಲು ನಾಡು ಅದು. ತಂದೆ ಪಾದ್ರಿ. ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಆ ನಿಘಂಟನ್ನು ಬಹು ದೂರ ಹಿಂದೆ ಹಾಕುವ ಶಿಶು ಅದೇ ವರ್ಷ ಕಣ್ತೆರೆದದ್ದು ಕಾಕತಾಳೀಯವೇ ಸರಿ. ಆದರೂ ನೆನೆದರೆ ಸೋಜಿಗವೆನಿಸುತ್ತದೆ. ಬಾಲಕ ಫರ್ಡಿನೆಂಡ್ ಭಾಷೆಗಳಲ್ಲಿ ಬಹಳ ಚುರುಕು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ಶಾಲೆಯನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ನಮ್ಮ ನಾಡಿಗೆ ಬಂದರು. ವಿಶ್ವವಿದ್ಯಾಲಯದ ಹೊಸ್ತಿಲನ್ನು ವಿದ್ಯಾರ್ಥಿಯಾಗಿ ಅವರು ತುಳಿಯಲೇ ಇಲ್ಲ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ, ಮುಂದೆ ಬೇಕಾಗುತ್ತದೆ.

ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ - ಹೀಗೆ ಅವರ ವಾಸ ಊರಿಂದೂರಿಗೆ ಬದಲಾಗುತ್ತಿತ್ತು. ಬಂದ ಹೊಸದರಲ್ಲಿಯೇ ಅವರಿಗೆ ಒಂದು ವಿಷಯ ಮನದಟ್ಟಾಯಿತು. ಈ ಜನರೊಡನೆ ಬೆರೆಯಬೇಕಾದರೆ ಇವರಂತೆ ಬದುಕಬೇಕು, ಇವರ ಮಾತನ್ನು, ಹಾಡನ್ನು, ಆಚಾರ ವಿಚಾರಗಳನ್ನು ಒಳಹೊಕ್ಕು ಕಲಿಯಬೇಕು. ಅವರು ಕಲಿಯುತ್ತ ಹೋದರು. ಇದು ಜೊತೆಯ ಪಾದ್ರಿಗಳಿಗೆ ಒಗ್ಗಲಿಲ್ಲ. ಮಿಷನ್ನಿನವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ಉತ್ತರದ ಈ ಮಾತು ಕಡಿಮೆಯ ಪಂಡಿತ ಅವರಿಗೆ ಹೊರಗಿನವನಾಗಿಯೇ ಕಂಡ. ಧರ್ಮಪ್ರಚಾರಕ್ಕೆ ಬಂದವನು ಹಳಗನ್ನಡದ ಓಲೆಗರಿಗಳನ್ನು ಏಕೆ ಓದಬೇಕು, ಛಂದಸ್ಸಿನ ಮಾತ್ರೆಗಳನ್ನು ಏಕೆ ಎಣಿಸಬೇಕು ಎಂಬುದು ಅವರ ಆಕ್ಷೇಪ. ಕೊನೆಗೆ ಅವರನ್ನು ಊರೂರು ಸುತ್ತುವ ಪ್ರಚಾರಕಾರ್ಯದಿಂದ ಬಿಡಿಸಿ ಮಂಗಳೂರಿನ ಮುದ್ರಣಾಲಯದ ಕೆಲಸಕ್ಕೆ ಹಾಕಿದರು. ಶಿಕ್ಷೆಯೆಂದು ಕೊಟ್ಟದ್ದು ಕನ್ನಡದ ಪಾಲಿಗೆ ವರವಾಯಿತು.

ಓದಿದ ಓದಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ನನ್ನಂಥವರಿಗೆ ಹೊಸದಲ್ಲ. ನಮ್ಮ ತಂದೆ ಅಡಕೆ ತೋಟಗಳಲ್ಲಿ ಕೊನೆ ತೆಗೆಯುವವರು. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲು. ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡಾಗ, ಮನೆಯಲ್ಲಿ ಆಡುವ ಮಾತನ್ನು ಕಲಿಯಲು ಮೂರು ವರ್ಷ ಕಾಲೇಜು ಬೇಕೇ ಎಂದು ನೆಂಟರು ನಕ್ಕದ್ದುಂಟು. ಕಿಟ್ಟೆಲರನ್ನು ಕೇಳಿದವರು ನೆಂಟರಲ್ಲ, ಅನ್ನ ಕೊಡುವ ಸಂಸ್ಥೆಯವರು. ಅವರು ಜಗಳವಾಡಿಕೊಂಡು ಕೆಲಸ ಬಿಡಲೂ ಇಲ್ಲ, ಅಂಜಿಕೊಂಡು ಓದು ಬಿಡಲೂ ಇಲ್ಲ. ಈ ಎರಡನೆಯದು ನನಗೆ ದೊಡ್ಡದಾಗಿ ಕಾಣುತ್ತದೆ.

1860ರಲ್ಲಿ ಪಾಲೀನಾ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಸೋದರಿ ಜೂಲಿಯನ್ನು ಅವರು ಮದುವೆಯಾದರು. ಈ ಸುಖದುಃಖಗಳ ನಡುವೆಯೇ ಬರವಣಿಗೆ ಸಾಗಿತು. ಏಸುವಿನ ಚರಿತ್ರೆಯನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ' 1862ರಲ್ಲಿ ಬಂತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಸಂಸ್ಕೃತ ಕೋಶಗಳಲ್ಲಿ ಸೇರಿಹೋಗಿರುವ ದ್ರಾವಿಡ ಶಬ್ದಗಳನ್ನು ಕುರಿತು 1872ರಲ್ಲಿಯೇ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಲೇಖನ ಬರೆದರು. ಎಲ್ಲ ಒಳ್ಳೆಯ ಮಾತೂ ಸಂಸ್ಕೃತದಿಂದಲೇ ಕನ್ನಡಕ್ಕೆ ಇಳಿದುಬಂದದ್ದೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ ಎಂದು ಒಬ್ಬ ಜರ್ಮನ್ ಪಾದ್ರಿ ತೋರಿಸಿಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಇನ್ನು ನಿಘಂಟಿನ ಮಾತು. ರೀವ್ ಅವರ ಕೋಶವನ್ನು 1858ರಲ್ಲಿ ಸ್ಯಾಂಡರ್ಸನ್ ಎಂಬವರು ತಿದ್ದಿ ಹೊರತಂದಿದ್ದರೂ ಅದು ಸಾಲುತ್ತಿರಲಿಲ್ಲ. ಕಿಟ್ಟೆಲರು ಈ ಕಾರ್ಯಕ್ಕೆ ಕೈ ಹಾಕಿದ ಮೇಲೆ ಸುಮಾರು ಇಪ್ಪತ್ತು ವರ್ಷ ಅದರಲ್ಲಿಯೇ ಕಳೆದವು. ಹಳಗನ್ನಡ ಕಾವ್ಯಗಳು, ಶಾಸನಗಳು, ವೈದ್ಯ ಗ್ರಂಥಗಳು ಒಂದು ಕಡೆ. ಸಂತೆಯ ಮಾತು, ಒಕ್ಕಲು ಮಕ್ಕಳ ಮಾತು, ಹೆಂಗಸರ ಬಾಯಿಯ ಗಾದೆ ಇನ್ನೊಂದು ಕಡೆ. ಎರಡನ್ನೂ ಅವರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಒಂದು ಪದ ಕೊಟ್ಟು, ಅದರ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಪಕ್ಕದಲ್ಲಿಟ್ಟು, ಗಿಡಮರವಾದರೆ ಅದರ ಲ್ಯಾಟಿನ್ ಹೆಸರನ್ನೂ ಹೇಳಿ, ಅದು ಬರುವ ಗಾದೆಗಳನ್ನು ಪೋಣಿಸಿ ಮುಂದಕ್ಕೆ ಹೋಗುತ್ತಾರೆ. ಹೀಗೆ ಸುಮಾರು 70,000 ಪದಗಳು. ನಮ್ಮ ಮನೆಯ ಒನಕೆ, ಕೊಟ್ಟಿಗೆ, ಕಂಬಳಿ, ಗೊನೆ, ಎಲ್ಲವೂ ಪಂಪ ರನ್ನರ ಶಬ್ದಗಳ ಪಕ್ಕದಲ್ಲಿಯೇ, ಅದೇ ಅಚ್ಚಿನ ಮೊಳೆಯಲ್ಲಿ, ಅದೇ ಗೌರವದಿಂದ ಕುಳಿತಿವೆ. ಪರೀಕ್ಷೆಗೆ ಬೇಕಾದ ಒಂದು ಪದ ಹುಡುಕಲು ಅದನ್ನು ತೆರೆದು, ಬೇಕಾದ್ದನ್ನು ಮರೆತು ಬೇರೆಯದನ್ನೇ ಓದುತ್ತ ಗ್ರಂಥಾಲಯದ ಗಂಟೆ ಬಾರಿಸುವ ತನಕ ಕುಳಿತ ವಿದ್ಯಾರ್ಥಿಗಳು ನನ್ನ ಹೊರತು ಇನ್ನೂ ಕೆಲವರಿರಬಹುದು.

ಈ ಶ್ರಮಕ್ಕೆ ಅವರ ದೇಹ ತಡೆಯಲಿಲ್ಲ. 1877ರಲ್ಲಿ ಅವರು ಜರ್ಮನಿಗೆ ಹಿಂತಿರುಗಬೇಕಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇವರು ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟನ್ನು ಪೂರ್ಣಗೊಳಿಸುವ ಏಕೈಕ ಉದ್ದೇಶದಿಂದ ಮತ್ತೆ ಸಮುದ್ರ ದಾಟಿ ಬಂದರು. ಆ ವೇಳೆಗೆ ನಿಘಂಟು ಧರ್ಮಪ್ರಚಾರದ ಸಾಧನವಾಗಿ ಉಳಿದಿರಲಿಲ್ಲ; ಅದೇ ಅವರ ಧರ್ಮವಾಗಿತ್ತು. 1892ರಲ್ಲಿ ಕೊನೆಯ ಬಾರಿಗೆ ನಮ್ಮ ನಾಡನ್ನು ಬಿಟ್ಟು ಅವರು ಹೋಗಿ ನೆಲೆಸಿದ್ದು ಟ್ಯೂಬಿಂಗೆನ್ನಿನಲ್ಲಿ.

ಆ ಊರನ್ನು ಈಗ ನೋಡೋಣ. ಕಿಟ್ಟೆಲರು ಅಲ್ಲಿದ್ದಾಗ ಅದರ ಜನಸಂಖ್ಯೆ 15,000ದ ಆಸುಪಾಸು. ಸಂಖ್ಯೆಯಲ್ಲಿ ನಮ್ಮ ಕಡೆಯ ತಾಲ್ಲೂಕು ಪಟ್ಟಣಗಳೊಡನೆ ಹೋಲಿಸಬಹುದಾದಷ್ಟು ಚಿಕ್ಕ ಊರು. ಅಂಥ ಊರಿನಲ್ಲಿ 1477ರಿಂದಲೂ ಒಂದು ವಿಶ್ವವಿದ್ಯಾಲಯ! ಅಲ್ಲಿಯ ಗುಡ್ಡದ ಕೋಟೆಯಲ್ಲಿ ಸೈನಿಕರ ಬದಲು ಪುಸ್ತಕಗಳು ವಾಸವಾಗಿದ್ದವು; ವಿಶ್ವವಿದ್ಯಾಲಯದ ಗ್ರಂಥಭಂಡಾರ 1912ರವರೆಗೂ ಕೋಟೆಯೊಳಗೇ ಇತ್ತು. 1536ರಲ್ಲಿ ಆ ಸೀಮೆಯ ದೊರೆ ಸ್ಥಾಪಿಸಿದ 'ಷ್ಟಿಫ್ಟ್' ಎಂಬ ವಿದ್ಯಾರ್ಥಿನಿಲಯ ಇನ್ನೊಂದು ವಿಶೇಷ. ಪಾದ್ರಿಗಳಾಗಲು ಓದುವ ಹುಡುಗರಿಗೆ ಅಲ್ಲಿ ದೊರೆಯ ವೆಚ್ಚದಲ್ಲಿ ಊಟ, ವಸತಿ, ವಿದ್ಯೆ. ಸಿಪಾಯಿಯೊಬ್ಬನ ಮಗನಾದ ಕೆಪ್ಲರ್ 1589ರಲ್ಲಿ ಹೀಗೆ ಅನ್ನಸಹಿತ ವಿದ್ಯೆ ಪಡೆಯಲು ಬಂದು, ಪಾದ್ರಿಯಾಗದೆ ಗ್ರಹಗಳ ದಾರಿಯನ್ನು ಲೆಕ್ಕ ಹಾಕುವವನಾದ. ಅವನ ಮೇಲೆ ಎರಡು ನೂರು ವರ್ಷಕ್ಕೆ ಹೆಗೆಲ್, ಷೆಲ್ಲಿಂಗ್ ಎಂಬ ತತ್ತ್ವಜ್ಞಾನಿಗಳೂ ಹೋಲ್ಡರ್ಲಿನ್ ಎಂಬ ಕವಿಯೂ ಅಲ್ಲಿ ಸಹಪಾಠಿಗಳಾಗಿದ್ದರು. ವಿದ್ಯಾರ್ಥಿನಿಲಯದ ಊಟ ಉಂಡು ಓದುವ ಮಿತ್ರರು ಇದನ್ನು ಗಮನಿಸಬೇಕು.

ಹೋಲ್ಡರ್ಲಿನ್ನನ ಕಥೆ ಕರುಣಾಜನಕವಾದದ್ದು. ಆತನಿಗೆ ಚಿತ್ತಭ್ರಮೆಯಾಯಿತು. ವೈದ್ಯರು ಕೈಬಿಟ್ಟ ಮೇಲೆ 1807ರಲ್ಲಿ ಆತನನ್ನು ಮನೆಗೆ ಕರೆದುಕೊಂಡು ಹೋದವನು ತ್ಸಿಮರ್ ಎಂಬ ಒಬ್ಬ ಬಡಗಿ. ನೆಕ್ಕಾರ್ ನದಿಗೆ ಮುಖ ಮಾಡಿದ ಆ ಬಡಗಿಯ ಮನೆಯ ಗೋಪುರದ ಕೋಣೆಯಲ್ಲಿ ಕವಿ 1843ರಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ, ಬಾಳಿದ. ಬಡಗಿಗೇಕೆ ಈ ಉಸಾಬರಿ ಎಂದರೆ, ಅವನು ಆ ಕವಿಯ 'ಹೈಪೀರಿಯನ್' ಕಾದಂಬರಿಯನ್ನು ಓದಿ ಮೆಚ್ಚಿದ್ದ! ಒಂದು ನಗರದ ಸಂಸ್ಕೃತಿಯನ್ನು ಅಳೆಯಲು ಅಲ್ಲಿಯ ಪ್ರಾಧ್ಯಾಪಕರನ್ನು ಎಣಿಸುತ್ತಾರೆ. ನಾನಾದರೆ ಈ ಬಡಗಿಯೊಬ್ಬನನ್ನು ಎಣಿಸಿ ನಿಲ್ಲಿಸುತ್ತೇನೆ. ಅದೇ ಊರಿನ ಕವಿ ಊಲಾಂಡ್ ಜನಪದ ಗೀತೆಗಳನ್ನು ಸಂಗ್ರಹಿಸಿದ. ವಿಶ್ವವಿದ್ಯಾಲಯದ ಸಂಗೀತಾಧಿಕಾರಿ ಸಿಲ್ಖರ್ ಅಂಥ ಗೀತೆಗಳಿಗೆ ರಾಗ ಕೂಡಿಸಿ ವಿದ್ಯಾರ್ಥಿಗಳಿಂದ ಹಾಡಿಸಿದ. ಹಳ್ಳಿಯ ಬಾಯಿಮಾತನ್ನು ವಿದ್ವಾಂಸರು ಕೀಳೆಂದು ತಿಳಿಯದ ಊರು ಅದು.

ಕನ್ನಡಕ್ಕೂ ಆ ಊರಿಗೂ ನಂಟು ಕಿಟ್ಟೆಲರಿಂದ ಪ್ರಾರಂಭವಾದದ್ದಲ್ಲ. ಬಡಗಿಯ ಮನೆಯಲ್ಲಿ ಹೋಲ್ಡರ್ಲಿನ್ ಇನ್ನೂ ಬದುಕಿದ್ದಾಗ, 1830ರ ಸುಮಾರಿನಲ್ಲಿ, ಅಲ್ಲಿ ಓದುತ್ತಿದ್ದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ನಮ್ಮ ಪ್ರಾಚೀನ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಆ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಡಾಕ್ಟರ್ ಪದವಿ ನೀಡಿತು. ಅಲ್ಲಿಯೇ ಓದಿದ ಗುಂಡರ್ಟರು ಮಲಯಾಳ ಭಾಷೆಗೆ ನಿಘಂಟು ಬರೆದರು. ರೋಟ್ ಎಂಬ ಸಂಸ್ಕೃತ ಪ್ರಾಧ್ಯಾಪಕರು ಅದೇ ಊರಿನಲ್ಲಿ ಕುಳಿತು, ಬೋಟ್ಲಿಂಗ್ ಎಂಬವರೊಡನೆ ಏಳು ಸಂಪುಟಗಳ ಸಂಸ್ಕೃತ ಮಹಾಕೋಶವನ್ನು 1855ರಿಂದ 1875ರವರೆಗೆ ರಚಿಸಿದರು. ನಿಘಂಟು ಬರೆಯುವವನನ್ನು ಹುಚ್ಚನೆಂದು ನೋಡದೆ ನೆರೆಯವನೆಂದು ನೋಡುವ ಊರು ಕಿಟ್ಟೆಲರಿಗೆ ಕಡೆಗೂ ದೊರೆಯಿತು.

1893ರಲ್ಲಿ ಅವರು ನಿಘಂಟಿನ ಮುನ್ನುಡಿಗೆ ಟ್ಯೂಬಿಂಗೆನ್ನಿನಲ್ಲಿಯೇ ಸಹಿ ಹಾಕಿದರು. ಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸಾವಿರದ ಏಳುನೂರಕ್ಕೂ ಮೀರಿದ ಪುಟಗಳು. 1896ರ ಜೂನ್ ತಿಂಗಳಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಅರ್ಪಿಸಿತು. ಯಾವ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಆಗಿರದ ಅವರು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಪಡೆದ ಪದವಿ ಅದು. ಆಗ ಕನ್ನಡ ನಾಡಿನಲ್ಲಿ ಒಂದೇ ಒಂದು ವಿಶ್ವವಿದ್ಯಾಲಯವೂ ಇರಲಿಲ್ಲ. ಮೈಸೂರಿನಲ್ಲಿ ಅದು ಸ್ಥಾಪನೆಯಾದದ್ದು 1916ರಲ್ಲಿ. ಕನ್ನಡಕ್ಕಾಗಿ ದುಡಿದ ಇಬ್ಬರನ್ನು ಕನ್ನಡವನ್ನು ಆಡದ ಒಂದು ಪುಟ್ಟ ಊರು ಅದಕ್ಕೂ ಮೊದಲೇ ಗೌರವಿಸಿತ್ತು. ಅದೇ ದಿನಗಳಲ್ಲಿ, 1895ರಿಂದ 1899ರವರೆಗೆ, ಆ ಊರಿನ ಒಂದು ಪುಸ್ತಕದಂಗಡಿಯಲ್ಲಿ ಹರ್ಮನ್ ಹೆಸ್ಸೆ ಎಂಬ ಯುವಕ ಕೆಲಸಕ್ಕಿದ್ದ. ಗುಂಡರ್ಟರ ಮೊಮ್ಮಗ ಅವನು. ತಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಕರಾವಳಿಯ ತಲಚೇರಿಯಲ್ಲಿ. ಮುಂದೆ 'ಸಿದ್ಧಾರ್ಥ' ಬರೆದು, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು ಆತನೇ.

ಮತಪ್ರಚಾರಕ್ಕೆಂದು ಬಂದವರನ್ನು ಇಷ್ಟೇಕೆ ಹೊಗಳಬೇಕೆಂದು ಕೇಳುವ ಸ್ನೇಹಿತರಿದ್ದಾರೆ. ಪ್ರಶ್ನೆ ತಪ್ಪಲ್ಲ. ಅವರು ಬಂದ ಉದ್ದೇಶವನ್ನು ನಾವು ಒಪ್ಪಲೇಬೇಕೆಂದಿಲ್ಲ. ಪರಕೀಯರ ಆಳ್ವಿಕೆಯ ನೆರಳಿನಲ್ಲಿಯೇ ಅವರು ಬಂದರೆಂಬುದನ್ನೂ ಮರೆಯಬೇಕಾಗಿಲ್ಲ. ಅವರಿಗೆ ಪದಗಳ ಅರ್ಥ ಬಿಡಿಸಿ ಹೇಳಿದ ನಮ್ಮವರೇ ಆದ ಪಂಡಿತರ, ಮುನಷಿಗಳ ಪಾಲನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಆದರೆ ಪ್ರಚಾರಕರಾಗಿ ಕಿಟ್ಟೆಲರು ಗೆಲ್ಲಲಿಲ್ಲವೆಂಬುದು ಅವರ ಸಂಸ್ಥೆಯವರದೇ ಎಣಿಕೆಯಾಗಿತ್ತು. ನಮ್ಮ ಕೈಗೆ ಉಳಿದಿರುವುದು ನಿಘಂಟು. ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ಶ್ರೀ ಎಂ. ಮರಿಯಪ್ಪ ಭಟ್ಟರಿಂದ ಅದನ್ನು ಪರಿಷ್ಕರಿಸಿ, ಹಿಗ್ಗಿಸಿ, ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ.

ಪದವಿ ಬಂದ ಮೇಲೂ ಆ ವೃದ್ಧರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಒಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಕನ್ನಡದ ಒಂದು ಮಾತೂ ಕಿವಿಗೆ ಬೀಳದ ಊರಿನಲ್ಲಿ, ಹತ್ತು ವರ್ಷಗಳಿಂದ ನೋಡದ ನಾಡಿನ ಕ್ರಿಯಾಪದಗಳನ್ನೂ ವಿಭಕ್ತಿ ಪ್ರತ್ಯಯಗಳನ್ನೂ ಜೋಡಿಸುತ್ತ ಅವರು ತಮ್ಮ ಕಡೆಯ ದಿನಗಳನ್ನು ಕಳೆದರು. ಆ ವ್ಯಾಕರಣವೂ ಮಂಗಳೂರಿನಲ್ಲಿಯೇ 1903ರಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ದಿವಂಗತರಾದರು.